ಮನೆಯಲ್ಲಿ ಮೂರ್ನಾಲ್ಕು ಕಿಲೋ ಒಳ್ಳೆ ಚಾಕಲೇಟ್ ಉಳಿದಿದೆಯೇ? ಕರಾವಳಿಯ ಸೆಕೆಯಲ್ಲಿ ಹಾಳಾಗದಂತೆ ಮುಗಿಸುವ ವಿಧಾನಗಳು

ದುಬೈಯಿಂದ ಅಣ್ಣ ಬಂದರೂ ಮಸ್ಕತ್‌ನಿಂದ ಅಕ್ಕ ಬಂದರೂ ಸೂಟ್‌ಕೇಸಿನ ಅರ್ಧ ಭಾಗ ಚಾಕಲೇಟೇ. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಇದು ಮಾಮೂಲು. ಕ್ರಿಸ್‌ಮಸ್ ಕೇಕಿನ ಆರ್ಡರ್ ಹಿಡಿಯುವವರು ದೊಡ್ಡ ಸ್ಲ್ಯಾಬ್ ತರಿಸಿರುತ್ತಾರೆ, ಅದರಲ್ಲಿ ಅರ್ಧ ಹಾಗೇ ಉಳಿದಿರುತ್ತದೆ. ನೆರೆಮನೆಗೆ ಕೊಟ್ಟು, ಮಕ್ಕಳಿಗೆ ಹಂಚಿ, ತಾವೂ ತಿಂದ ಮೇಲೂ ಮೂರ್ನಾಲ್ಕು ಕಿಲೋ ಇದೆ ಅಂದುಕೊಳ್ಳಿ. ಅದು ಫ್ರಿಜ್ಜಿನ ಮೂಲೆ ಸೇರಿ, ಬೂದಿ ಬಣ್ಣಕ್ಕೆ ತಿರುಗಿ, ಕೊನೆಗೆ ಕಸದ ಬುಟ್ಟಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕೊಕ್ಕೋ ಬೆಳೆಯುವ ನಾಡಿನವರು ನಾವು. ಕೋಡನ್ನು ಒಡೆದು, ಬೀಜ ಹುದುಗಿಸಿ, ಒಣಗಿಸಿ ಕೊಡುವುದಕ್ಕೆ ಎಷ್ಟು ದುಡಿಮೆ ಬೇಕು ಅಂತ ಅಡಿಕೆ ತೋಟದ ನಡುವೆ ಕೊಕ್ಕೋ ಗಿಡ ಇರುವ ಯಾರನ್ನು ಕೇಳಿದರೂ ಹೇಳುತ್ತಾರೆ.

ನನ್ನ ಸಲಹೆ ಇಷ್ಟೇ. ಮೊದಲು ವಿಂಗಡಿಸಿ. ಬೇಗ ಹಾಳಾಗುವುದನ್ನು ಬೇಗ ಮುಗಿಸಿ. ನಮ್ಮ ಹವೆಯ ಜೊತೆ ಗುದ್ದಾಡುವ ತಿಂಡಿಗಳ ಬದಲು ಫ್ರಿಜ್, ಫ್ರೀಜರ್ ಮತ್ತು ಬಿಸಿ ಲೋಟಕ್ಕೆ ಹೊಂದುವುದನ್ನು ಮಾಡಿ.

ಮೊದಲು ಎಲ್ಲವನ್ನೂ ಮೇಜಿನ ಮೇಲೆ ಸುರಿಯಿರಿ

ಒಂದೊಂದೇ ಪ್ಯಾಕೆಟ್ ಹಿಂದೆ ತಿರುಗಿಸಿ ಓದಿ. ಸಾಮಗ್ರಿಗಳ ಪಟ್ಟಿಯಲ್ಲಿ ಕೊಕ್ಕೋ ಬೆಣ್ಣೆ ಇದ್ದರೆ ಅದು ನಿಜವಾದ ಚಾಕಲೇಟ್. ಅದರ ಬದಲು ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು ಅಂತಿದ್ದರೆ ಅದು ಕಾಂಪೌಂಡ್. ಕಾಂಪೌಂಡ್ ಕೆಟ್ಟದ್ದಲ್ಲ, ಕರಗಿಸಿ ಅಚ್ಚಿಗೆ ಹಾಕಲು ಸುಲಭ. ಆದರೆ ಕೆಳಗಿನ ಅಳತೆಗಳು ನಿಜವಾದ ಚಾಕಲೇಟಿಗೆ ಮಾತ್ರ.

ಈಗ ನಾಲ್ಕು ಗುಂಪು ಮಾಡಿ. ಒಳಗೆ ಕ್ರೀಮ್, ಪಿಸ್ತಾ, ಕುನಾಫಾ, ಬಿಸ್ಕತ್ತು ತುಂಬಿದವು ಒಂದು ಕಡೆ. ಬಿಳಿ ಚಾಕಲೇಟ್ ಒಂದು ಕಡೆ. ಹಾಲಿನ ಚಾಕಲೇಟ್ ಒಂದು ಕಡೆ. ಕಪ್ಪು ಚಾಕಲೇಟ್, ಅಂದರೆ ಡಾರ್ಕ್, ಕೊನೆಗೆ. ಮುಗಿಸಬೇಕಾದ ಕ್ರಮವೂ ಇದೇ. ತುಂಬಿದ ಚಾಕಲೇಟಿನ ಒಳಗಿನ ಬೀಜ ಬೇಗ ಕಮಟು ವಾಸನೆ ಹಿಡಿಯುತ್ತದೆ. ಬಿಳಿಯದರಲ್ಲಿ, ಹಾಲಿನದರಲ್ಲಿ ಹಾಲಿನ ಅಂಶ ಇರುವುದರಿಂದ ರುಚಿ ಬೇಗ ಹಳತಾಗುತ್ತದೆ. ಡಾರ್ಕ್ ಚೆನ್ನಾಗಿಟ್ಟರೆ ವರ್ಷದ ಮೇಲೂ ಇರುತ್ತದೆ, ಅದಕ್ಕೆ ಅವಸರ ಬೇಡ.

ತುಂಬಿದವನ್ನು ಕರಗಿಸಲು ಹೋಗಬೇಡಿ. ಅವು ಹಾಗೇ ತಿನ್ನಲಿಕ್ಕೆ, ಹಾಗೇ ಕೊಡಲಿಕ್ಕೆ. ಸೀಲ್ ಒಡೆಯದ ಪೆಟ್ಟಿಗೆಗಳನ್ನೂ ಈ ಗುಂಪಿಗೇ ಸೇರಿಸಿ. ದೀಪಾವಳಿಗೋ ಕ್ರಿಸ್‌ಮಸ್ ತಿಂಡಿಗಳ ಕುಸ್ವಾರ್ ತಟ್ಟೆ ಹಂಚುವಾಗಲೋ ಕೊಟ್ಟುಬಿಡಿ. ತಾರೀಕು ಹತ್ತಿರ ಬರುವ ತನಕ ಕಾಯಬೇಡಿ. ಕೊನೆಯ ವಾರದಲ್ಲಿ ಕೊಟ್ಟರೆ ತೆಗೆದುಕೊಂಡವರಿಗೆ ಅವಸರ.

ಬೂದಿ ಬಣ್ಣದ ಪೊರೆ ಬಂದಿದ್ದರೆ ಹೆದರಬೇಡಿ, ಅದು ಬೂಷ್ಟು ಅಲ್ಲ. ಬೆರಳಿನಿಂದ ಉಜ್ಜಿ ನೋಡಿ. ಜಿಡ್ಡಾಗಿ ಮಾಯವಾದರೆ, ಸೆಕೆಗೆ ಕರಗಿದ ಕೊಕ್ಕೋ ಬೆಣ್ಣೆ ಮೇಲೆ ಬಂದು ಮತ್ತೆ ಗಟ್ಟಿಯಾದದ್ದು. ಕರಗಿಸಿದರೆ ಸರಿಯಾಗುತ್ತದೆ. ಒರಟಾಗಿ, ಸಕ್ಕರೆ ಹರಳಿನ ಹಾಗೆ ಸಿಕ್ಕರೆ ತೇವ ತಾಗಿದೆ ಎಂದರ್ಥ. ಅದನ್ನು ಹಾಲಿಗೋ ಮುಂದೆ ಹೇಳುವ ಗನಾಶ್‌ಗೋ ಹಾಕಿ. ಎರಡೂ ತಿನ್ನಲು ಸುರಕ್ಷಿತ. ಕಮಟು ವಾಸನೆ ಇದ್ದರೆ ಮಾತ್ರ ಎಸೆಯಿರಿ.

ಇಡುವ ಜಾಗ

ಚಾಕಲೇಟಿಗೆ ಇಷ್ಟವಾದದ್ದು 15ರಿಂದ 18 ಡಿಗ್ರಿಯ ಒಣ ಜಾಗ. ನಮ್ಮಲ್ಲಿ ಅಂಥ ಜಾಗ ಎಲ್ಲಿದೆ? ಕೊಕ್ಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ಅದಕ್ಕಿಂತ ಮೊದಲೇ ಮೆತ್ತಗಾಗುತ್ತದೆ. ಏಪ್ರಿಲ್, ಮೇಯಲ್ಲಿ ನಮ್ಮ ಅಡುಗೆಮನೆಗಳು ಹೆಚ್ಚುಕಡಿಮೆ ಅಲ್ಲೇ ಇರುತ್ತವೆ. ಹಾಗಾಗಿ ಫ್ರಿಜ್ ಬಿಟ್ಟರೆ ದಾರಿ ಇಲ್ಲ.

ಆದರೆ ಸುಮ್ನೆ ತುರುಕಬೇಡಿ. ಕೊಬ್ಬು ವಾಸನೆಯನ್ನು ಹೀರಿಕೊಳ್ಳುತ್ತದೆ. ಬಂಗಡೆ, ಹಲಸಿನ ತೊಳೆ, ನಾಳೆ ಮುಡಿಯಲು ತಂದಿಟ್ಟ ಶಂಕರಪುರ ಮಲ್ಲಿಗೆ, ಇವೆಲ್ಲ ಇರುವ ಫ್ರಿಜ್ಜಿನಲ್ಲಿ ತೆರೆದ ಚಾಕಲೇಟ್ ಎರಡೇ ದಿನದಲ್ಲಿ ಬೇರೆ ಪದಾರ್ಥವಾಗುತ್ತದೆ. ಮೊದಲು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ. ಆಮೇಲೆ ಜಿಪ್ ಕವರ್, ಗಾಳಿ ಒತ್ತಿ ತೆಗೆದು. ಆಮೇಲೆ ಮುಚ್ಚಳ ಬಿಗಿಯಾಗುವ ಡಬ್ಬ. ತರಕಾರಿ ಇಡುವ ಡ್ರಾಯರ್ ಒಳ್ಳೆಯದು, ಅಲ್ಲಿ ತಂಪು ಸ್ವಲ್ಪ ಕಡಿಮೆ.

ಹೊರಗೆ ತೆಗೆಯುವಾಗ ಡಬ್ಬವನ್ನು ಮುಚ್ಚಿದ ಹಾಗೇ ಒಂದೆರಡು ಗಂಟೆ ಬಿಡಿ, ಆಮೇಲೆ ತೆರೆಯಿರಿ. ಇಲ್ಲದಿದ್ದರೆ ನಮ್ಮ ಗಾಳಿಯ ತೇವವೆಲ್ಲ ತಣ್ಣನೆಯ ಚಾಕಲೇಟಿನ ಮೇಲೆ ಹನಿಯಾಗಿ ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇದನ್ನು ಮರೆಯಲೇಬಾರದು.

ಕರಗಿಸುವುದು

ಪಾತ್ರೆ, ಚಮಚ, ಕೈ ಎಲ್ಲವೂ ಒಣಗಿರಬೇಕು. ಕರಗಿದ ಚಾಕಲೇಟಿಗೆ ಒಂದು ಹನಿ ನೀರು ಬಿದ್ದರೂ ಅದರಲ್ಲಿನ ಸಕ್ಕರೆ ಮತ್ತು ಕೊಕ್ಕೋ ಪುಡಿ ಆ ನೀರನ್ನು ಹಿಡಿದು ಗಂಟುಗಟ್ಟಿ, ಇಡೀ ಪಾತ್ರೆ ಮುದ್ದೆಯಾಗುತ್ತದೆ. ಹಾಗಾದರೆ ಎಸೆಯಬೇಡಿ. ಇನ್ನಷ್ಟು ಬಿಸಿ ಹಾಲು ಸೇರಿಸಿ ಕಡೆದರೆ ಮತ್ತೆ ನುಣುಪಾಗಿ ಸಾಸ್ ಆಗುತ್ತದೆ. ಸ್ವಲ್ಪ ನೀರು ಕೆಡಿಸುತ್ತದೆ, ಜಾಸ್ತಿ ನೀರು ಸರಿ ಮಾಡುತ್ತದೆ. ಈ ಒಂದು ಗುಟ್ಟು ಗೊತ್ತಿದ್ದರೆ ಚಾಕಲೇಟ್ ಕೆಲಸದ ಅರ್ಧ ಭಯ ಹೋಗುತ್ತದೆ.

ಸಣ್ಣಗೆ ಹೆಚ್ಚಿ. ಒಂದು ಪಾತ್ರೆಯಲ್ಲಿ ಎರಡು ಇಂಚು ನೀರು ಕಾಯಿಸಿ, ಕುದಿ ಬಂದ ಮೇಲೆ ಗ್ಯಾಸ್ ಆರಿಸಿ. ಅದರ ಬಾಯಿಗೆ ಸರಿಯಾಗಿ ಕೂರುವ ಬಟ್ಟಲಿನಲ್ಲಿ ಚಾಕಲೇಟ್ ಹಾಕಿ ಮೇಲಿಡಿ. ಬಟ್ಟಲಿನ ತಳ ನೀರಿಗೆ ತಾಗಬಾರದು, ಆವಿ ಬದಿಯಿಂದ ಹೊರಗೆ ಬರಬಾರದು. ಮೆಲ್ಲ ಕಲಕುತ್ತಾ ಇರಿ. ಡಾರ್ಕ್ 50 ಡಿಗ್ರಿ ದಾಟಬಾರದು, ಹಾಲಿನದು ಮತ್ತು ಬಿಳಿಯದು 45. ಮೈಕ್ರೋವೇವ್ ಇದ್ದರೆ ಕಡಿಮೆ ಪವರ್‌ನಲ್ಲಿ ಅರ್ಧರ್ಧ ನಿಮಿಷ ಬಿಸಿ ಮಾಡಿ, ಪ್ರತಿ ಸಲ ತೆಗೆದು ಕಲಕಿ.

ಗನಾಶ್: ಒಂದು ಕಿಲೋ ಮುಗಿಸಲು ಅತಿ ಒಳ್ಳೆಯ ದಾರಿ

ಬಿಸಿ ಕ್ರೀಮಿನಲ್ಲಿ ಕರಗಿಸಿದ ಚಾಕಲೇಟೇ ಗನಾಶ್. ನಮ್ಮ ಊರಿಗೆ ಇದಕ್ಕಿಂತ ಹೊಂದುವ ತಯಾರಿ ಇನ್ನೊಂದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಹೊಳಪು ಬರಿಸುವ ತಾಪತ್ರಯ ಇಲ್ಲ, ತೇವದ ಹೆದರಿಕೆ ಇಲ್ಲ, ಫ್ರೀಜರಿನಲ್ಲಿ ಎರಡು ಮೂರು ತಿಂಗಳು ಇರುತ್ತದೆ. ಚಾಕಲೇಟಿನ ರುಚಿಯೂ ಮುಚ್ಚಿಹೋಗುವುದಿಲ್ಲ. ಮೈದಾ, ಸಕ್ಕರೆ ಜಾಸ್ತಿ ಇರುವ ಸಾದಾ ಕೇಕಿಗೆ ಒಳ್ಳೆ ಚಾಕಲೇಟ್ ಸುರಿಯುವುದು ದಂಡ. ಅಲ್ಲಿಗೆ ಕೊಕ್ಕೋ ಪುಡಿ ಸಾಕು.

ಅಳತೆ ತೂಕದಲ್ಲಿ ಹೀಗೆ. ಸಾಸ್ ಅಥವಾ ಕೇಕಿನ ಮೇಲೆ ಸುರಿಯಲು ಡಾರ್ಕ್ ಮತ್ತು ಕ್ರೀಮ್ ಸಮ ಸಮ. ಹಾಲಿನ ಚಾಕಲೇಟ್ ಆದರೆ ಎರಡು ಪಾಲಿಗೆ ಒಂದು ಪಾಲು ಕ್ರೀಮ್. ಬಿಳಿಯದಾದರೆ ಮೂರಕ್ಕೆ ಒಂದು. ಕೊಕ್ಕೋ ಅಂಶ ಕಡಿಮೆಯಾದಷ್ಟೂ ಅದು ಗಟ್ಟಿಯಾಗುವುದು ಕಡಿಮೆ, ಅದಕ್ಕೇ ಈ ವ್ಯತ್ಯಾಸ. ಅಂಗಡಿಯಲ್ಲಿ ಟೆಟ್ರಾ ಪ್ಯಾಕಿನಲ್ಲಿ ಸಿಗುವ ಅಮೂಲ್ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು 25 ಶೇಕಡಾ. ಅದೇ ಸಾಕು, ವಿದೇಶಿ ಕ್ರೀಮ್ ಹುಡುಕಬೇಕಾಗಿಲ್ಲ.

ಚಾಕಲೇಟನ್ನು ತುರಿದು ಅಥವಾ ಬೇಳೆಯಷ್ಟು ಸಣ್ಣಗೆ ಹೆಚ್ಚಿ ಬಟ್ಟಲಿಗೆ ಹಾಕಿ. ಕ್ರೀಮನ್ನು ಸಣ್ಣ ಉರಿಯಲ್ಲಿ ಅಂಚಿನಲ್ಲಿ ಗುಳ್ಳೆ ಬರುವ ತನಕ ಕಾಯಿಸಿ. ಉಕ್ಕಿಸಬೇಡಿ. ಚಾಕಲೇಟಿನ ಮೇಲೆ ಸುರಿದು ಎರಡು ನಿಮಿಷ ಮುಟ್ಟದೆ ಬಿಡಿ. ಆಮೇಲೆ ನಡುವಿನಿಂದ ಶುರುಮಾಡಿ ಸಣ್ಣ ಸಣ್ಣ ವೃತ್ತದಲ್ಲಿ ಕಲಕುತ್ತಾ ಅಂಚಿಗೆ ಬನ್ನಿ. ಮೊದಲು ಒಡೆದ ಹಾಗೆ ಕಾಣುತ್ತದೆ, ಬಿಡದೆ ಕಲಕಿದರೆ ಕನ್ನಡಿಯಷ್ಟು ಹೊಳಪು ಬರುತ್ತದೆ. ಎಣ್ಣೆ ಬಿಟ್ಟುಕೊಂಡರೆ ಒಂದು ಚಮಚ ಉಗುರುಬೆಚ್ಚಗಿನ ಹಾಲು ಹಾಕಿ ಜೋರಾಗಿ ಕಡೆಯಿರಿ, ಕೂಡಿಕೊಳ್ಳುತ್ತದೆ. ಚಿಟಿಕೆ ಉಪ್ಪು ಹಾಕಲು ಮರೆಯಬೇಡಿ.

ಈಗ ನಮ್ಮೂರ ಆವೃತ್ತಿ. ಕ್ರೀಮಿನ ಬದಲು ದಪ್ಪ ಕಾಯಿಹಾಲು. ನೀರು ಅತಿ ಕಡಿಮೆ ಹಾಕಿ ಹಿಂಡಿದ ಮೊದಲ ಹಾಲೇ ಆಗಬೇಕು. 200 ಗ್ರಾಂ ಡಾರ್ಕ್‌ಗೆ 160 ಗ್ರಾಂ ಕಾಯಿಹಾಲು. ಕುದಿಸಿದರೆ ಕಾಯಿಹಾಲು ಒಡೆಯುತ್ತದೆ, ಆದ್ದರಿಂದ ಬೆರಳು ಹಾಕಲಾಗದಷ್ಟು ಬಿಸಿಯಾದ ಕೂಡಲೇ ಇಳಿಸಿ. ಹೊಸದಾಗಿ ಪುಡಿ ಮಾಡಿದ ಒಳ್ಳೆಮೆಣಸು (ಕಾಳುಮೆಣಸು) ಕಾಲು ಚಮಚ ಹಾಕಿ ನೋಡಿ. ಅಡಿಕೆ ಮರಕ್ಕೆ ಹಬ್ಬಿದ ಮೆಣಸು, ಅದೇ ತೋಟದ ಕೊಕ್ಕೋ, ಅಂಗಳದ ತೆಂಗು. ಮೂರೂ ಒಂದೇ ಮಣ್ಣಿನವು, ಬಾಯಲ್ಲೂ ಚೆನ್ನಾಗಿ ಕೂಡುತ್ತವೆ. ಇದು ಫ್ರಿಜ್ಜಿನಲ್ಲಿ ಮೂರು ದಿನ ಮಾತ್ರ ಇಡಿ. ಕ್ರೀಮಿನದು ಒಂದು ವಾರ ಇರುತ್ತದೆ.

ಜಾಸ್ತಿ ಮಾಡಿ ಐಸ್ ಟ್ರೇಗೆ ಸುರಿದು ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಬಿಡಿಸಿ ಜಿಪ್ ಕವರಿಗೆ ತುಂಬಿ, ಮೇಲೆ ತಾರೀಕು ಬರೆಯಿರಿ. ಇನ್ನು ಎಲ್ಲ ಕೆಲಸ ಸುಲಭ. ಎರಡು ತುಂಡು ಬಿಸಿ ಹಾಲಿಗೆ ಹಾಕಿದರೆ ಕುಡಿಯುವ ಚಾಕಲೇಟ್. ನಾಲ್ಕು ತುಂಡು ಬೆಚ್ಚಗೆ ಮಾಡಿದರೆ ಮಂಗಳೂರು ಬನ್ಸಿನ ಜೊತೆ ಅದ್ದಿ ತಿನ್ನಲು ಸಾಸ್. ಬಾಳೆಹಣ್ಣಿನ ಆ ಸಿಹಿಗೆ ಕಹಿ ಚಾಕಲೇಟ್ ಬಹಳ ಚೆನ್ನ.

ಟ್ರಫಲ್ ಉಂಡೆ ಬೇಕಾದರೆ ಗಟ್ಟಿ ಅಳತೆ ಹಿಡಿಯಿರಿ. ತಂಪು ಊರುಗಳಲ್ಲಿ ಎರಡಕ್ಕೆ ಒಂದು ಸಾಕು, ಇಲ್ಲಿ 250 ಗ್ರಾಂ ಡಾರ್ಕ್‌ಗೆ 100 ಗ್ರಾಂ ಕ್ರೀಮ್ ಹಾಕಿ. ನಾಲ್ಕು ಗಂಟೆ ಫ್ರಿಜ್ಜಿನಲ್ಲಿಟ್ಟು, ಚಮಚದಲ್ಲಿ ತೆಗೆದು, ಕೈ ತಣ್ಣೀರಲ್ಲಿ ಅದ್ದಿ ಚೆನ್ನಾಗಿ ಒರೆಸಿಕೊಂಡು ಉಂಡೆ ಕಟ್ಟಿ. ಕೊಕ್ಕೋ ಪುಡಿ, ಹುರಿದ ಗೇರುಬೀಜದ ತರಿ ಅಥವಾ ಕೆಂಪಗೆ ಹುರಿದ ಕೊಬ್ಬರಿ ತುರಿಯಲ್ಲಿ ಹೊರಳಿಸಿ. ಬಡಿಸುವ ಹತ್ತು ನಿಮಿಷ ಮೊದಲು ಹೊರಗೆ ತೆಗೆದರೆ ಸಾಕು.

ಬರೀ ನೀರಿನಲ್ಲಿ ಮೂಸ್

ಮೂಸ್ ಎಂದರೆ ನೊರೆಯಂತೆ ಹಗುರವಾದ ಸಿಹಿ, ಸಾಮಾನ್ಯವಾಗಿ ಮೊಟ್ಟೆ ಹಾಕಿ ಮಾಡುವುದು. ಮೊಟ್ಟೆ ತಿನ್ನದ ಮನೆಗಳಿಗೆ ಇದು ವರ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಹರ್ವೆ ಟಿಸ್ ತೋರಿಸಿಕೊಟ್ಟ ವಿಧಾನ. ಚಾಕಲೇಟ್ ಮತ್ತು ನೀರು, ಬೇರೇನೂ ಇಲ್ಲ. ಕ್ರೀಮನ್ನು ಕಡೆದಾಗ ಕೊಬ್ಬು ಗಾಳಿಯ ಗುಳ್ಳೆ ಹಿಡಿದಿಡುತ್ತದಲ್ಲ, ಅದೇ ಕೆಲಸವನ್ನು ಇಲ್ಲಿ ಕೊಕ್ಕೋ ಬೆಣ್ಣೆ ಮಾಡುತ್ತದೆ.

70 ಶೇಕಡಾ ಡಾರ್ಕ್ 200 ಗ್ರಾಂ, ನೀರು 180 ಮಿಲಿ. ನೀರಿನ ಬದಲು ತಿಳಿಯಾದ ಫಿಲ್ಟರ್ ಕಾಫಿ ಡಿಕಾಕ್ಷನ್ ಹಾಕಿದರೆ ಇನ್ನೂ ರುಚಿ. ಎರಡನ್ನೂ ಒಟ್ಟಿಗೆ ಸಣ್ಣ ಉರಿಯಲ್ಲಿ ಕರಗಿಸಿ, ಬೇಕಿದ್ದರೆ ಎರಡು ಚಮಚ ಸಕ್ಕರೆ. ದೊಡ್ಡ ಬಟ್ಟಲಿನಲ್ಲಿ ಐಸ್ ಮತ್ತು ನೀರು ತುಂಬಿ, ಅದರೊಳಗೆ ಈ ಪಾತ್ರೆ ಇಟ್ಟು ಕಡೆಯಿರಿ. ನಿಮಿಷಗಟ್ಟಲೆ ನೀರಾಗಿಯೇ ಇದ್ದು, ಆಮೇಲೆ ಒಮ್ಮೆಗೇ ದಪ್ಪವಾಗುತ್ತದೆ. ಆ ಕ್ಷಣ ನಿಲ್ಲಿಸಿ. ಜಾಸ್ತಿ ಕಡೆದು ತರಿತರಿಯಾದರೆ ಮತ್ತೆ ಬಿಸಿ ಮಾಡಿ ಕರಗಿಸಿ ಮೊದಲಿನಿಂದ ಕಡೆಯಬಹುದು. ಎಷ್ಟು ಕಡೆದರೂ ದಪ್ಪವಾಗದಿದ್ದರೆ ಚಾಕಲೇಟ್ ಸಾಲದು ಎಂದರ್ಥ, 30 ಗ್ರಾಂ ಸೇರಿಸಿ ಕರಗಿಸಿ.

ತಣ್ಣನೆಯವು

ಐಸ್‌ಕ್ರೀಮಿನ ಮೇಲೆ ಸುರಿದ ಕೂಡಲೇ ಗಟ್ಟಿಯಾಗಿ, ಚಮಚದಲ್ಲಿ ಬಡಿದರೆ ಪಟ್ಟನೆ ಒಡೆಯುವ ಚಿಪ್ಪು ಮಕ್ಕಳಿಗೆ ಬಲು ಇಷ್ಟ. 200 ಗ್ರಾಂ ಚಾಕಲೇಟ್, ಎರಡು ದೊಡ್ಡ ಚಮಚ ತೆಂಗಿನೆಣ್ಣೆ, ಒಟ್ಟಿಗೆ ಕರಗಿಸಿ ಆರಿಸಿ. ಅಷ್ಟೇ. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಹಾಗಾಗಿ ತಣ್ಣನೆಯದಕ್ಕೆ ತಾಗಿದ ಕೂಡಲೇ ಹೆಪ್ಪುಗಟ್ಟುತ್ತದೆ. ಸಾದಾ ಎಣ್ಣೆಯಾದರೆ ವಾಸನೆ ಮುಂದೆ ಬರುತ್ತದೆ. ನನಗೆ ಅದು ಇಷ್ಟ, ಬೇಡದವರು ವಾಸನೆ ತೆಗೆದ ಎಣ್ಣೆ ಬಳಸಿ. ಬಾಟಲಿಯಲ್ಲಿ ಹೊರಗೇ ಇಡಬಹುದು, ಒಂದೆರಡು ವಾರ ಕೆಡುವುದಿಲ್ಲ.

ಗಡ್‌ಬಡ್ ಎಂಬ ಪದರ ಪದರದ ಐಸ್‌ಕ್ರೀಮ್ ಉಡುಪಿಯ ಡಯಾನಾ ಹೋಟೆಲಿನಲ್ಲಿ ಹುಟ್ಟಿದ್ದು ಎಂಬುದು ಇಲ್ಲಿನ ಜನರ ಮಾತು. ಮನೆಯಲ್ಲಿ ಅದನ್ನು ಜೋಡಿಸುವಾಗ ಪದರದ ನಡುವೆ ಗನಾಶ್, ಮೇಲೆ ಈ ಚಿಪ್ಪು ಹಾಕಿ. ಕದಳಿ ಬಾಳೆಹಣ್ಣಿನ ಸಿಪ್ಪೆ ಸುಲಿದು, ಕಡ್ಡಿ ಚುಚ್ಚಿ, ಫ್ರೀಜರಿನಲ್ಲಿ ಗಟ್ಟಿ ಮಾಡಿ ಇದರಲ್ಲಿ ಅದ್ದಿದರೆ ಬೇಸಿಗೆ ರಜೆಯ ತಿಂಡಿ ಆಯಿತು.

ಬಿಸಿಬಿಸಿ ಲೋಟ

ಆಟಿ (ಆಷಾಢ) ತಿಂಗಳ ಮಳೆಗೆ ಇದು ಬೇಕೇ ಬೇಕು. ಒಬ್ಬರಿಗೆ 200 ಮಿಲಿ ಹಾಲು, 35 ಗ್ರಾಂ ಡಾರ್ಕ್. ಅರ್ಧ ಚಮಚ ರಾಗಿ ಹಿಟ್ಟನ್ನು ತಣ್ಣನೆಯ ಹಾಲಿನಲ್ಲಿ ಕದಡಿ, ಕುದಿಯುವ ಹಾಲಿಗೆ ಸೇರಿಸಿ ಎರಡು ನಿಮಿಷ ಬೇಯಿಸಿ. ಉರಿ ಆರಿಸಿ ಚಾಕಲೇಟ್ ಹಾಕಿ ಕಡೆಗೋಲಿನಲ್ಲಿ ನೊರೆ ಬರುವಂತೆ ಕಡೆಯಿರಿ. ಹಾಲಿನ ಚಾಕಲೇಟ್ ಆದರೆ ಸಕ್ಕರೆ ಬೇಡ.

ನೀರುದೋಸೆಗೆ ಕಾಯಿಬೆಲ್ಲ ಕೂಡಿಸಿ ತಿನ್ನುವುದು ಗೊತ್ತೇ ಇದೆ. ಆ ಕಾಯಿತುರಿಗೆ ಬೆಲ್ಲ ಅರ್ಧ ಮಾಡಿ ಡಾರ್ಕ್ ಚಾಕಲೇಟಿನ ತುರಿ ಸೇರಿಸಿ, ಕಾವಲಿಯಿಂದ ಇಳಿದ ಬಿಸಿ ದೋಸೆಯೊಳಗೆ ಇಟ್ಟು ಮಡಚಿ. ದೋಸೆಯ ಬಿಸಿಗೇ ಕರಗುತ್ತದೆ.

ಬಿಳಿ ಚಾಕಲೇಟ್ ಯಾರಿಗೂ ಬೇಡವಾದಾಗ

ಬಿಳಿ ಚಾಕಲೇಟ್ ಎಂದರೆ ಕೊಕ್ಕೋ ಬೆಣ್ಣೆ, ಹಾಲಿನ ಪುಡಿ, ಸಕ್ಕರೆ. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆಯೇ. ಆದ್ದರಿಂದ ಅದನ್ನು ಸಕ್ಕರೆ ಮತ್ತು ತುಪ್ಪ ಎರಡರ ಜಾಗದಲ್ಲೂ ಬಳಸಿ. ಒಂದು ಲೀಟರ್ ಹಾಲಿನ ಸೇಮಿಗೆ ಪಾಯಸಕ್ಕೆ 150 ಗ್ರಾಂ ಬಿಳಿ ಚಾಕಲೇಟ್ ಸಾಕು. ಇಳಿಸಿದ ಮೇಲೆ ಹಾಕಿ, ಏಲಕ್ಕಿ ಸೇರಿಸಿ.

ಓವನ್ ಇದ್ದವರು ಹುರಿದು ನೋಡಿ. 250 ಗ್ರಾಂ ತುಂಡುಗಳನ್ನು ತಟ್ಟೆಯಲ್ಲಿ ಹರಡಿ 120 ಡಿಗ್ರಿಯಲ್ಲಿಡಿ. ಹತ್ತು ಹತ್ತು ನಿಮಿಷಕ್ಕೆ ತೆಗೆದು ಸಟ್ಟುಗದಿಂದ ಚೆನ್ನಾಗಿ ಮಗುಚಿ. ನಡುವೆ ಪುಡಿಪುಡಿಯಾಗಿ ಕೆಟ್ಟಿತು ಅನ್ನಿಸುತ್ತದೆ, ಕೆಟ್ಟಿಲ್ಲ, ಮುಂದುವರಿಸಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಧಾರವಾಡ ಪೇಡದ ಬಣ್ಣ ಬರುತ್ತದೆ, ಮನೆಯೆಲ್ಲ ಕಾಸಿದ ಹಾಲಿನ ಪರಿಮಳ. ಚಿಟಿಕೆ ಉಪ್ಪು ಹಾಕಿ ಸೀಸೆಗೆ ತುಂಬಿ. ಬ್ರೆಡ್ಡಿಗೆ ಹಚ್ಚಬಹುದು, ಐಸ್‌ಕ್ರೀಮಿಗೆ ಹಾಕಬಹುದು.

ಓವನ್ ಹಚ್ಚುವುದಾದರೆ ಬ್ರೌನಿ

ಮೈದಾ ಕಡಿಮೆ, ಚಾಕಲೇಟ್ ಜಾಸ್ತಿ, ಅದಕ್ಕೇ ಇದು ನ್ಯಾಯ. ಡಾರ್ಕ್ 200 ಗ್ರಾಂ, ಬೆಣ್ಣೆ 150 ಗ್ರಾಂ ಒಟ್ಟಿಗೆ ಕರಗಿಸಿ ಆರಿಸಿ. ಮೂರು ಮೊಟ್ಟೆ, 200 ಗ್ರಾಂ ಸಕ್ಕರೆ ನೊರೆ ಬರುವಂತೆ ಕಡೆದು ಇದಕ್ಕೆ ಸೇರಿಸಿ. 100 ಗ್ರಾಂ ಮೈದಾ, ಅರ್ಧ ಚಮಚ ಉಪ್ಪು ಜರಡಿ ಹಿಡಿದು ಮೆಲ್ಲ ಬೆರೆಸಿ, ಒಂದು ಹಿಡಿ ಗೇರುಬೀಜ ಹಾಕಿ. ಎಂಟು ಇಂಚಿನ ಚೌಕ ತಟ್ಟೆ, 170 ಡಿಗ್ರಿ, 25 ನಿಮಿಷ. ಕಡ್ಡಿ ಚುಚ್ಚಿದರೆ ಸ್ವಲ್ಪ ಅಂಟಿದ ತರಿ ಬರಬೇಕು. ಪೂರ್ತಿ ಒಣಗಿ ಬಂದರೆ ಜಾಸ್ತಿ ಬೆಂದಿದೆ. ತುಂಡು ಮಾಡಿ ಫ್ರೀಜರಿನಲ್ಲಿಟ್ಟರೆ ಎರಡು ತಿಂಗಳು ಇರುತ್ತದೆ.

ಹೊಳೆಯುವ ಗೇರುಬೀಜದ ಚಾಕಲೇಟ್ ಬೇಕೇ ಬೇಕು ಎಂದರೆ

ಗೇರುಬೀಜ, ಹಲಸಿನ ಸೋಂಟೆ, ನೇಂದ್ರ ಚಿಪ್ಸ್ ಹಾಕಿದ ಚಾಕಲೇಟ್ ಹಾಳೆ ಉಡುಗೊರೆಗೆ ಬಹಳ ಚಂದ. ಆದರೆ ಅದು ಹೊಳೆಯಲು, ಮುರಿದಾಗ ಸದ್ದು ಬರಲು ಟೆಂಪರಿಂಗ್ ಆಗಬೇಕು. ಕೊಕ್ಕೋ ಬೆಣ್ಣೆ ಹಲವು ಬಗೆಯ ಹರಳಾಗಿ ಗಟ್ಟಿಯಾಗಬಲ್ಲದು. ಅವುಗಳಲ್ಲಿ ಒಂದೇ ಬಗೆ ನಮಗೆ ಬೇಕಾದ್ದು. ಟೆಂಪರಿಂಗ್ ಅಂದರೆ ಆ ಒಂದನ್ನೇ ಬೆಳೆಸುವುದು.

ಏಪ್ರಿಲ್‌ನಲ್ಲಿ ಇದಕ್ಕೆ ಕೈ ಹಾಕಬೇಡಿ. ಏಸಿ ಕೋಣೆಯನ್ನು 22 ಡಿಗ್ರಿಗಿಟ್ಟು, ಬಾಗಿಲು ಮುಚ್ಚಿ ಅಲ್ಲೇ ಕೂತು ಮಾಡಿ. ಏಸಿ ಇಲ್ಲದವರು ಜನವರಿಯ ಬೆಳಗಿನ ಜಾವ ಪ್ರಯತ್ನಿಸಿ. ಅಡುಗೆಯ ಥರ್ಮಾಮೀಟರ್ ಬೇಕು. ಡಾರ್ಕಿನ ಮೂರರಲ್ಲಿ ಎರಡು ಪಾಲು 48 ಡಿಗ್ರಿಗೆ ಕರಗಿಸಿ. ಉಳಿದ ಒಂದು ಪಾಲನ್ನು ಸಣ್ಣಗೆ ಹೆಚ್ಚಿ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ, 32 ಡಿಗ್ರಿಗೆ ಇಳಿಯುವ ತನಕ ಕಲಕಿ. ಹಾಲಿನದಾದರೆ 30, ಬಿಳಿಯದಾದರೆ 29. ಹೀಗೆ ಸೇರಿಸುವ ತುಂಡುಗಳು ಹೊಳಪಿರುವ, ಬೂದಿ ಹಿಡಿಯದ ಚಾಕಲೇಟಿನವೇ ಆಗಿರಬೇಕು, ಏಕೆಂದರೆ ಒಳ್ಳೆಯ ಹರಳಿನ ಬೀಜ ಬರುವುದೇ ಅವುಗಳಿಂದ. ಚಾಕುವಿನ ತುದಿ ಅದ್ದಿ ಇಡಿ. ಐದಾರು ನಿಮಿಷದಲ್ಲಿ ಗಟ್ಟಿಯಾಗಿ ಹೊಳೆದರೆ ಆಯಿತು. ಬೇಕಿಂಗ್ ಕಾಗದದ ಮೇಲೆ ಸುರಿದು, ಹುರಿದು ಪೂರ್ತಿ ಆರಿಸಿದ ಗೇರುಬೀಜ ಉದುರಿಸಿ.

ಇಷ್ಟೆಲ್ಲ ಬೇಡ ಅನ್ನಿಸಿದರೆ ಸುಮ್ನೆ ಕರಗಿಸಿ ಗೇರುಬೀಜ ಹಾಕಿ ಫ್ರಿಜ್ಜಿನಲ್ಲಿಟ್ಟು, ಅಲ್ಲಿಂದಲೇ ತೆಗೆದು ತಿನ್ನಿ. ಹೊಳಪು ಇರುವುದಿಲ್ಲ, ರುಚಿಗೆ ಕೊರತೆ ಇಲ್ಲ.

ನಮ್ಮಲ್ಲೇ ತಯಾರಾಗುವ ಚಾಕಲೇಟನ್ನೂ ಈ ಕೆಲಸಗಳಿಗೆ ಬಳಸಿ ನೋಡಿ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, ಕೊಕ್ಕೋ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ದೂರದ ಊರಿಂದ ಬಂದ ಪೆಟ್ಟಿಗೆ ಮುಗಿದ ಮೇಲೆ ಕೈಗೆ ಹತ್ತಿರ ಇರುವುದು ಅದೇ.

ಎರಡು ಎಚ್ಚರಿಕೆ

ಮಳೆಗಾಲದಲ್ಲಿ ಕರೆಂಟ್ ಹೋದರೆ ಫ್ರೀಜರಿನ ಬಾಗಿಲು ತೆರೆಯಬೇಡಿ. ತುಂಬಿದ ಫ್ರೀಜರ್ ಮುಚ್ಚಿಯೇ ಇದ್ದರೆ ಸುಮಾರು ಎರಡು ದಿನ, ಅರ್ಧ ತುಂಬಿದ್ದರೆ ಒಂದು ದಿನ ತಂಪು ಹಿಡಿದಿಡುತ್ತದೆ. ಫ್ರಿಜ್ಜಿನ ಜೊತೆಗೇ ಇರುವ ಸಣ್ಣ ಫ್ರೀಜರಿಗೆ ಅಷ್ಟು ತಾಳಿಕೆ ಇಲ್ಲ. ಗನಾಶ್ ಕರಗಿ ಬೆಚ್ಚಗಾಗಿದ್ದರೆ ಮತ್ತೆ ಹೆಪ್ಪುಗಟ್ಟಿಸಬೇಡಿ.

ಮನೆಯಲ್ಲಿ ನಾಯಿ ಇದ್ದರೆ ಚಾಕಲೇಟನ್ನು ಅದರ ಬಾಯಿಗೆ ಸಿಗದ ಎತ್ತರದಲ್ಲಿಡಿ. ಕೊಕ್ಕೋದಲ್ಲಿರುವ ಥಿಯೋಬ್ರೊಮಿನ್ ನಾಯಿಗೆ ವಿಷ, ಡಾರ್ಕ್‌ನಲ್ಲಿ ಅದು ಇನ್ನೂ ಜಾಸ್ತಿ. ಕೊಕ್ಕೋ ಪುಡಿ ಹಚ್ಚಿದ ಟ್ರಫಲ್ ಆರಲು ಇಟ್ಟಿರುವ ತಟ್ಟೆಯನ್ನು ಮಕ್ಕಳಿಗೂ ಹೇಳಿ ಮೇಲಿಡಿಸಿ. ನಾಯಿ ಏನಾದರೂ ತಿಂದುಬಿಟ್ಟರೆ ಪ್ಯಾಕೆಟ್ ಕೈಯಲ್ಲೇ ಹಿಡಿದುಕೊಂಡು ಪಶುವೈದ್ಯರಿಗೆ ಫೋನ್ ಮಾಡಿ, ಎಷ್ಟು ಶೇಕಡಾ ಕೊಕ್ಕೋ, ಎಷ್ಟು ಗ್ರಾಂ ಎಂದು ಹೇಳಿ.